ಬೆಲ್ಟ್ ಹೋದರೂ ಗುರುತು ಉಳಿದಿರುತ್ತದೆ

ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿ ಒಂದು ಕಡೆಗೆ, ಹಾಸನದ ಹೆದ್ದಾರಿ ಇನ್ನೊಂದು ಕಡೆಗೆ ಕವಲೊಡೆಯುತ್ತದೆ. ಹೊಸಕೋಟೆಯನ್ನು ದಾಟಿದರೆ ಕೋಲಾರದ ದಾರಿ, ದೇವನಹಳ್ಳಿಯನ್ನು ದಾಟಿದರೆ ಹೈದರಾಬಾದಿನ ದಾರಿ. ಈ ರಸ್ತೆಗಳ ಅಂಚಿನ ಗ್ಯಾರೇಜುಗಳಿಗೆ ಎಳೆದು ತರುವ ಗಾಡಿಗಳಲ್ಲಿ ಒಂದು ಬಗೆಯದನ್ನು ಅನುಭವಿ ಮೇಸ್ತ್ರಿ ಕಿವಿಯಿಂದಲೇ ಗುರುತು ಹಿಡಿಯುತ್ತಾರೆ. ಸೆಲ್ಫ್ ಹೊಡೆದರೆ ಎಂಜಿನ್ ಎಂದಿಗಿಂತ ಹಗುರವಾಗಿ, ಬೇಗಬೇಗನೆ ತಿರುಗುತ್ತದೆ. ಒತ್ತಡಕ್ಕೆ ಸಿಕ್ಕು ತಡೆದು ತಡೆದು ತಿರುಗುವ ಆ ಲಯವೇ ಇರುವುದಿಲ್ಲ. ಸ್ಟಾರ್ಟ್ ಅಂತೂ ಆಗುವುದಿಲ್ಲ. ಕೂಡಲೇ ಮೇಸ್ತ್ರಿ ಕೈಯೆತ್ತಿ, ಇನ್ನು ಸೆಲ್ಫ್ ಹೊಡೆಯಬೇಡಿ ಎನ್ನುತ್ತಾರೆ. ಮುಂಬದಿಯ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಒಳಗೆ ಟೈಮಿಂಗ್ ಬೆಲ್ಟಿನ ಚೂರುಗಳಿರುತ್ತವೆ, ಇಲ್ಲವೇ ಬೆಲ್ಟೇ ಇರುವುದಿಲ್ಲ.

ಬೆಲ್ಟ್ ಇಲ್ಲದ ಎಂಜಿನ್ ಬೇರೆ ದಾರಿಗಳಿಂದಲೂ ಗ್ಯಾರೇಜಿಗೆ ಬರುತ್ತದೆ. ಒಂದೆಡೆ ಬಿಚ್ಚಿಸಿ, ದುಡ್ಡು ಹೊಂದದೆ ತಿಂಗಳುಗಟ್ಟಲೆ ನಿಲ್ಲಿಸಿ, ಮತ್ತೊಂದೆಡೆಗೆ ಎಳೆದು ತಂದ ಗಾಡಿಗಳಿವೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಂದ ಟೆಂಪೋದಲ್ಲಿ ಬಂದಿಳಿಯುವ ಸೆಕೆಂಡ್ ಹ್ಯಾಂಡ್ ಎಂಜಿನ್‌ಗಳಿವೆ. ಬಿಚ್ಚಿದವರು ಯಾರೋ, ಬಿಚ್ಚಿದಾಗ ಯಾವ ಚಕ್ರ ಯಾವ ಸ್ಥಾನದಲ್ಲಿತ್ತೋ, ಆಮೇಲೆ ಎಷ್ಟು ಕೈ ಅದನ್ನು ತಿರುಗಿಸಿದವೋ ಹೇಳುವವರಿಲ್ಲ. ಹಳೆಯ ಬೆಲ್ಟ್ ಇದ್ದಿದ್ದರೆ ಅದರ ಮೇಲೂ ಚಕ್ರಗಳ ಮೇಲೂ ಬಣ್ಣ ಹಚ್ಚಿ, ಹಲ್ಲು ಎಣಿಸಿ ಹೊಸದನ್ನು ಕೂರಿಸಬಹುದಿತ್ತು. ಈಗ ಆ ಆಧಾರವೂ ಇಲ್ಲ. ಎಂಜಿನ್ನಿನ ಟೈಮಿಂಗ್ ಶಾಶ್ವತವಾಗಿ ಕಳೆದುಹೋಯಿತು ಎಂದು ಮಾಲೀಕರು ಕಂಗಾಲಾಗುವುದು ಆಗಲೇ.

ಆದರೆ ಟೈಮಿಂಗ್, ಅಂದರೆ ಪಿಸ್ಟನ್ನಿನ ಏರಿಳಿತಕ್ಕೂ ವಾಲ್ವ್‌ಗಳು ತೆರೆದು ಮುಚ್ಚುವುದಕ್ಕೂ ಇರುವ ಹೊಂದಾಣಿಕೆ, ಇರುವುದು ಬೆಲ್ಟಿನಲ್ಲಿ ಅಲ್ಲ. ಬೆಲ್ಟ್ ಅದನ್ನು ಒಂದು ದಂಡದಿಂದ ಇನ್ನೊಂದಕ್ಕೆ ಮುಟ್ಟಿಸುತ್ತದೆ, ಅಷ್ಟೆ. ಟೈಮಿಂಗ್ ಇರುವುದು ಎಂಜಿನ್ನಿನ ಉಕ್ಕಿನಲ್ಲಿ: ಚಕ್ರಗಳ ಮೇಲೆ ಕಂಪನಿ ಕೊರೆದ ಗುರುತುಗಳಲ್ಲಿ, ಪಿಸ್ಟನ್ ಏರಿ ನಿಲ್ಲುವ ತುದಿಯಲ್ಲಿ, ಕ್ಯಾಮ್ ದಂಡದ ಉಬ್ಬುಗಳ ದಿಕ್ಕಿನಲ್ಲಿ. ಇವನ್ನು ಓದಬಲ್ಲವರು ತಾಳ್ಮೆಯಿಂದ ಕೂತರೆ ಬೆಲ್ಟ್ ಇಲ್ಲದ ಎಂಜಿನ್ನಿಗೂ ಟೈಮಿಂಗ್ ಮರಳಿ ಕೂರಿಸಬಹುದು.

ಎರಡು ಸುತ್ತಿಗೆ ಒಂದು ಸುತ್ತು

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಮೊದಲು ಕೆಳಗಿಳಿದು ಗಾಳಿಯನ್ನು ಎಳೆದುಕೊಳ್ಳುತ್ತದೆ, ಮೇಲೇರಿ ಅದನ್ನು ಒತ್ತುತ್ತದೆ, ಉರಿದ ಇಂಧನದ ಬಲಕ್ಕೆ ಮತ್ತೆ ಇಳಿಯುತ್ತದೆ, ಕೊನೆಗೆ ಏರುತ್ತಾ ಹೊಗೆಯನ್ನು ಹೊರದೂಡುತ್ತದೆ. ಎರಡು ಸಲ ಏರಿ ಎರಡು ಸಲ ಇಳಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡ ಎರಡು ಪೂರ್ತಿ ಸುತ್ತು ಹಾಕಿರುತ್ತದೆ. ಇಷ್ಟು ಕೆಲಸದಲ್ಲಿ ಗಾಳಿ ಒಳಬರುವ ವಾಲ್ವ್ ಒಮ್ಮೆ, ಹೊಗೆ ಹೊರಹೋಗುವ ವಾಲ್ವ್ ಒಮ್ಮೆ ತೆರೆದರೆ ಸಾಕು. ಹಾಗಾಗಿ ವಾಲ್ವ್‌ಗಳನ್ನು ಒತ್ತುವ ಕ್ಯಾಮ್ ದಂಡ, ಕ್ರ್ಯಾಂಕ್ ಎರಡು ಸುತ್ತು ಹಾಕುವಾಗ ಒಂದೇ ಸುತ್ತು ಹಾಕಬೇಕು. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲಿದ್ದರೆ ಕ್ಯಾಮ್ ಚಕ್ರಕ್ಕೆ 40 ಹಲ್ಲು. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತದೆ.

ದೊಡ್ಡಬಳ್ಳಾಪುರದ ನೇಕಾರರಿಗೆ ಈ ಲೆಕ್ಕ ಹೊಸದೇನಲ್ಲ. ಊರಿನ ಓಣಿಗಳಲ್ಲಿ ಹಗಲಿರುಳು ಸದ್ದು ಮಾಡುವ ವಿದ್ಯುತ್ ಮಗ್ಗದಲ್ಲೂ ಒಂದು ಕ್ರ್ಯಾಂಕ್ ದಂಡವಿದೆ. ಅದು ಒಂದು ಸುತ್ತು ಹಾಕಿದರೆ ಹೊಕ್ಕಿನ ಒಂದು ಎಳೆ ಬಟ್ಟೆಗೆ ಸೇರುತ್ತದೆ. ಅದರ ಕೆಳಗೆ ಅರ್ಧ ವೇಗದಲ್ಲಿ ತಿರುಗುವ ಇನ್ನೊಂದು ದಂಡವಿದೆ. ಅದರ ಉಬ್ಬುಗಳು ಲಾಳಿಯನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹೊಡೆಯುತ್ತವೆ. ಎರಡು ದಂಡಗಳ ನಡುವಿನ ಹಲ್ಲಿನ ಚಕ್ರವನ್ನು ತಪ್ಪು ಸ್ಥಾನದಲ್ಲಿ ಕೂರಿಸಿದರೆ ಹಾಸಿನ ಎಳೆಗಳು ಬಾಯಿ ತೆರೆಯುವ ಮೊದಲೇ ಲಾಳಿ ಹೊರಟುಬಿಡುತ್ತದೆ. ಎಳೆಗಳ ನಡುವೆ ಸಿಕ್ಕಿಬಿದ್ದ ಲಾಳಿ ಹಾಸನ್ನೇ ಹರಿದುಹಾಕಬಲ್ಲದು. ಎಂಜಿನ್ನಿನಲ್ಲಿ ಲಾಳಿಯ ಜಾಗದಲ್ಲಿ ಪಿಸ್ಟನ್ ಇದೆ, ಹಾಸಿನ ಜಾಗದಲ್ಲಿ ವಾಲ್ವ್ ಇದೆ.

ಸರಪಳಿಯಿಂದ ರಬ್ಬರಿಗೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಟೈಮಿಂಗ್ ಬೆಲ್ಟ್ ಎಂಬ ಮಾತು ಗ್ಯಾರೇಜುಗಳಲ್ಲಿ ಇರಲಿಲ್ಲ. ಆ ಎಂಜಿನ್‌ಗಳಲ್ಲಿ ಎಣ್ಣೆಯಲ್ಲಿ ನೆನೆದು ಓಡುವ ಸರಪಳಿ ಕ್ಯಾಮನ್ನು ತಿರುಗಿಸುತ್ತಿತ್ತು. ಟ್ರ್ಯಾಕ್ಟರ್‌ಗಳಲ್ಲೂ ಭಾರೀ ಲಾರಿಗಳಲ್ಲೂ ಉಕ್ಕಿನ ಹಲ್ಲುಚಕ್ರಗಳೇ ಆ ಕೆಲಸ ಮಾಡುತ್ತವೆ. 1998ರಿಂದ ಹೊಸಕೋಟೆಯಲ್ಲಿ ಲಾರಿ ತಯಾರಿಸುತ್ತಿರುವ ವೋಲ್ವೋ ಕಂಪನಿಯ ದೊಡ್ಡ ಡೀಸೆಲ್ ಎಂಜಿನ್‌ಗಳದ್ದೂ ಇದೇ ಕ್ರಮ.

ರಬ್ಬರ್ ಬೆಲ್ಟನ್ನು ಮೊದಲು ಕಾರಿನ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬವೇರಿಯಾದ ಗ್ಲಾಸ್ ಎಂಬ ಸಣ್ಣ ಕಂಪನಿ, 1962ರಲ್ಲಿ, ತನ್ನ ಗ್ಲಾಸ್ 1004 ಕಾರಿನ ಮೂಲಕ. 1966ರಲ್ಲಿ ಇಟಲಿಯ ಫಿಯಟ್ ಕೂಡ ಅದೇ ದಾರಿ ಹಿಡಿಯಿತು. ಬೆಲ್ಟ್ ಅಗ್ಗ, ಹಗುರ. ಅದಕ್ಕೆ ಎಣ್ಣೆ ಬೇಡ, ಸದ್ದೂ ಕಡಿಮೆ. ನಮ್ಮಲ್ಲಿ ಅದನ್ನು ಮನೆಮಾತಾಗಿಸಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಎಂಜಿನ್ ಓಮ್ನಿ ವ್ಯಾನಿಗೂ ಬಂತು. 1998ರ ಟಾಟಾ ಇಂಡಿಕಾದ ಡೀಸೆಲ್ ಎಂಜಿನ್, ಅದೇ ವರ್ಷದ ಹ್ಯುಂಡೈ ಸ್ಯಾಂಟ್ರೋ, 2005ರಲ್ಲಿ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್ನಿನೊಂದಿಗೆ ಬಂದ ಟಾಟಾ ಏಸ್, ಅದೇ ವರ್ಷ ಬಿಡದಿಯಲ್ಲಿ ತಯಾರಾಗತೊಡಗಿದ ಡೀಸೆಲ್ ಇನ್ನೋವಾ, ಎಲ್ಲಕ್ಕೂ ಬೆಲ್ಟೇ.

ಈ ಪಟ್ಟಿಯನ್ನು ನೋಡಿದರೆ ಬೆಂಗಳೂರು ಗ್ರಾಮಾಂತರದ ದುಡಿಮೆಯೇ ಕಣ್ಣಿಗೆ ಬರುತ್ತದೆ. ದ್ರಾಕ್ಷಿ, ಗುಲಾಬಿ, ತರಕಾರಿಯನ್ನು ನಸುಕಿನಲ್ಲೇ ಬೆಂಗಳೂರಿನ ಮಾರುಕಟ್ಟೆಗೆ ಮುಟ್ಟಿಸುವುದು ಟಾಟಾ ಏಸ್‌ನಂಥ ಪುಟ್ಟ ಗಾಡಿಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹಗಲು ರಾತ್ರಿ ಓಡಿದವು ಇಂಡಿಕಾ, ಇನ್ನೋವಾ ಟ್ಯಾಕ್ಸಿಗಳು. ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆ ನಿಂತಿತು. ಬೆಲ್ಟ್ ಬದಲಿಸುವುದನ್ನು ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ತಳ್ಳುತ್ತಾ ಹೋಗುವುದಕ್ಕೂ ಅದೇ ಕಾರಣ.

ಡಿಕ್ಕಿ ಆಗುವುದು ಎಲ್ಲಿ

ಬೆಲ್ಟ್ ಹರಿದ ಕ್ಷಣದಲ್ಲಿ ಕ್ಯಾಮ್ ದಂಡ ನಿಂತುಬಿಡುತ್ತದೆ. ಅದರ ಉಬ್ಬು ಒತ್ತಿಹಿಡಿದಿದ್ದ ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಗಾಡಿಯ ಓಟದ ಬಲಕ್ಕೆ ಇನ್ನೂ ತಿರುಗುತ್ತಿರುತ್ತದೆ, ಪಿಸ್ಟನ್‌ಗಳು ಏರುತ್ತಿರುತ್ತವೆ. ಕೆಲವು ಎಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವಿಗೂ ತುದಿಗೇರಿದ ಪಿಸ್ಟನ್ನಿಗೂ ನಡುವೆ ಜಾಗವಿರುತ್ತದೆ. ಅಂಥ ಗಾಡಿ ಬರೀ ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಉಳಿದವುಗಳಲ್ಲಿ ಆ ಜಾಗವೇ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಗಟ್ಟಿಯಾಗಿ ಒತ್ತಬೇಕಾದ್ದರಿಂದ ಪಿಸ್ಟನ್ ಸಿಲಿಂಡರಿನ ಹೆಡ್ಡಿಗೆ ತಾಗಿದಂತೆಯೇ ಏರುತ್ತದೆ. ಅಲ್ಲಿ ತೆರೆದ ವಾಲ್ವ್ ಸಿಕ್ಕರೆ ಅದು ಬಾಗಲೇಬೇಕು. ವಾಲ್ವ್ ಬೆಂಡ್ ಆಯಿತೆಂದರೆ ಹೆಡ್ ಇಳಿಸಬೇಕು, ವಾಲ್ವ್, ಗೈಡ್, ಗ್ಯಾಸ್ಕೆಟ್ ಎಲ್ಲ ಬದಲಾಗಬೇಕು.

ಬೆಲ್ಟ್ ಇಲ್ಲದ ಎಂಜಿನ್ನಿಗೆ ಟೈಮಿಂಗ್ ಕೂರಿಸುವಾಗಲೂ ಅಪಾಯ ಇದೇ. ರಸ್ತೆಯಲ್ಲಿ ಬಾಗದೆ ಉಳಿದ ವಾಲ್ವ್, ಗ್ಯಾರೇಜಿನಲ್ಲಿ ಉದ್ದ ಪಾನಾ ಹಾಕಿ ಕ್ಯಾಮನ್ನು ಎಳೆದಾಗ ಬಾಗಬಹುದು. ಆದ್ದರಿಂದ ಬಲ್ಲ ಮೇಸ್ತ್ರಿ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚುತ್ತಾರೆ, ಗೇರನ್ನು ನ್ಯೂಟ್ರಲ್ಲಿಗೆ ತರುತ್ತಾರೆ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಡುತ್ತಾರೆ. ಡೀಸೆಲ್ ಆದರೆ ಗ್ಲೋ ಪ್ಲಗ್ ಬಿಚ್ಚುತ್ತಾರೆ. ಈಗ ಒಳಗೆ ಗಾಳಿಯ ಒತ್ತಡ ಉಳಿಯುವುದಿಲ್ಲ. ಪಾನಾ ತಿರುಗಿಸುವಾಗ ಕೈಗೆ ಗಟ್ಟಿಯಾದ ತಡೆ ಸಿಕ್ಕರೆ ಅದು ಲೋಹಕ್ಕೆ ಲೋಹ ತಾಗಿದ ತಡೆಯೇ. ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಬರಬೇಕು. ಜೋರು ಮಾಡಿ ದಾಟಿಸುವುದಂತೂ ಕೂಡದು.

ಮಾರುತಿ 800ರಂತೆ, ಉಬ್ಬಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ರಾಕರ್‌ಗಳಿಗೆ ಸ್ಕ್ರೂ, ನಟ್ಟು ಇರುವ ಎಂಜಿನ್ನಿನಲ್ಲಿ ಇನ್ನೊಂದು ಅನುಕೂಲವಿದೆ. ಎಲ್ಲ ಸ್ಕ್ರೂಗಳನ್ನೂ ಪೂರಾ ಸಡಿಲಿಸಿದರೆ ಉಬ್ಬುಗಳು ವಾಲ್ವನ್ನು ಒತ್ತುವಷ್ಟು ಹತ್ತಿರ ಬರುವುದಿಲ್ಲ, ವಾಲ್ವ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆಮೇಲೆ ಎರಡು ದಂಡಗಳನ್ನೂ ನಿರ್ಭಯವಾಗಿ ತಿರುಗಿಸಬಹುದು. ಕೆಲಸ ಮುಗಿದ ಮೇಲೆ ವಾಲ್ವ್ ಕ್ಲಿಯರೆನ್ಸ್ ಮತ್ತೆ ಹೊಂದಿಸಬೇಕಾಗುತ್ತದೆ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಹೆಡ್ ಉಳಿಯುತ್ತದೆ.

ಆ ಸೌಲಭ್ಯ ಇಲ್ಲದ ಎಂಜಿನ್ನಿನಲ್ಲಿ ಪಿಸ್ಟನ್‌ಗಳನ್ನೇ ದಾರಿಯಿಂದ ಸರಿಸಬೇಕು. ಸಾಮಾನ್ಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ತುದಿಯಲ್ಲಿದ್ದಾಗ ಇನ್ನೆರಡು ತಳದಲ್ಲಿರುತ್ತವೆ. ಕ್ರ್ಯಾಂಕನ್ನು ಆ ಸ್ಥಾನದಿಂದ ಕಾಲು ಸುತ್ತು, ಅಂದರೆ 90 ಡಿಗ್ರಿ ಹಿಂದಕ್ಕೆ ತಂದರೆ ನಾಲ್ಕೂ ನಡುದಾರಿಯಲ್ಲಿ ನಿಲ್ಲುತ್ತವೆ. ಈಗ ಕ್ಯಾಮನ್ನು ತಿರುಗಿಸಿ ಅದರ ಗುರುತಿಗೆ ತರಬಹುದು. ಆಮೇಲೆ ಕ್ರ್ಯಾಂಕನ್ನು ಆ ಕಾಲು ಸುತ್ತಿನಷ್ಟೇ ಮುಂದಕ್ಕೆ ತಂದು ಅದರ ಗುರುತಿಗೆ ನಿಲ್ಲಿಸಬೇಕು.

ಇದೇ ಕಾಲು ಸುತ್ತಿನ ಪಾಠವನ್ನು ಮೂರು ಸಿಲಿಂಡರಿನ ಎಂಜಿನ್ನಿಗೆ ಹಾಗೇ ಹಚ್ಚಿದರೆ ಕೆಟ್ಟಿತು. ಅಲ್ಲಿ ಪಿಸ್ಟನ್‌ಗಳ ನಡುವೆ 120 ಡಿಗ್ರಿಯ ಅಂತರವಿದೆ. ಒಂದನೆಯದನ್ನು ತುದಿಯಿಂದ 90 ಡಿಗ್ರಿ ಸರಿಸಿದರೆ ಇನ್ನೊಂದು ಪಿಸ್ಟನ್ ತುದಿಗೆ ಬರೀ 30 ಡಿಗ್ರಿ ದೂರದಲ್ಲಿ ಬಂದು ನಿಂತಿರುತ್ತದೆ. 60 ಡಿಗ್ರಿ ಸರಿಸಿದರೆ ಒಂದು ತಳದಲ್ಲಿ, ಉಳಿದೆರಡು ತುದಿಯಿಂದ 60 ಡಿಗ್ರಿ ದೂರದಲ್ಲಿ ಇರುತ್ತವೆ. ಮೂರಕ್ಕೂ ಸಿಗಬಹುದಾದ ಹೆಚ್ಚಿನ ಜಾಗ ಅದೇ.

ಕ್ರ್ಯಾಂಕಿಗೆ ಗೊತ್ತಿಲ್ಲದ ಸಂಗತಿ

ಕಲಿಯುವ ಹುಡುಗರು ಈ ಹಂತದಲ್ಲಿ ಎಡವುವ ಪ್ರಶ್ನೆಯೊಂದಿದೆ. ಒಂದನೇ ಪಿಸ್ಟನ್ ತುದಿಗೆ ಬಂದಿದೆ ಸರಿ. ಆದರೆ ಅದು ಗಾಳಿ ಒತ್ತಿ ಮೇಲೆ ಬಂದದ್ದೋ, ಹೊಗೆ ದೂಡಿ ಮೇಲೆ ಬಂದದ್ದೋ? ಇನ್ನೊಂದು ಸುತ್ತು ತಿರುಗಿಸಬೇಕೇ?

ಬೆಲ್ಟ್ ಇಲ್ಲದಾಗ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಒತ್ತುವ ಹೊಡೆತ, ದೂಡುವ ಹೊಡೆತ ಎಂಬ ಭೇದವನ್ನು ಮಾಡುವುದು ವಾಲ್ವ್‌ಗಳು. ವಾಲ್ವ್‌ಗಳನ್ನು ಆಳುವುದು ಕ್ಯಾಮ್. ಕ್ರ್ಯಾಂಕಿನ ಮಟ್ಟಿಗೆ ಪ್ರತಿ ಸುತ್ತಿನಲ್ಲೂ ತುದಿ ಒಂದೇ. ಕ್ಯಾಮ್ ತನ್ನ ಗುರುತಿನಲ್ಲಿ, ಕ್ರ್ಯಾಂಕ್ ತನ್ನ ಗುರುತಿನಲ್ಲಿ ನಿಂತರೆ ಅವೆರಡರ ನಂಟು ಸರಿಯಾಯಿತು. ಬೆಲ್ಟಿನಿಂದಲೇ ತಿರುಗುವ ಮೂರನೆಯ ಭಾಗ ಇದ್ದಾಗ ಮಾತ್ರ ಇನ್ನೂ ಒಂದು ಎಚ್ಚರ ಬೇಕು. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನದ ಪಂಪನ್ನೂ ಇದೇ ಬೆಲ್ಟ್ ಅರ್ಧ ವೇಗದಲ್ಲಿ ತಿರುಗಿಸುವುದುಂಟು. ಪಂಪಿನ ಚಕ್ರಕ್ಕೂ ತನ್ನದೇ ಗುರುತಿದೆ. ಅದು ತಪ್ಪಿದರೆ ವಾಲ್ವ್‌ಗಳು ಸರಿಯಾಗಿ ತೆರೆದರೂ ಡೀಸೆಲ್ ಬೇಡದ ಹೊತ್ತಿಗೆ ಒಳಬೀಳುತ್ತದೆ: ಎಂಜಿನ್ ಬಡಿಯುತ್ತದೆ, ಹೊಗೆ ಕಾರುತ್ತದೆ, ಅರ್ಧ ಸುತ್ತು ತಪ್ಪಿದ್ದರೆ ಸ್ಟಾರ್ಟೇ ಆಗುವುದಿಲ್ಲ.

ಗುರುತುಗಳನ್ನು ಎಲ್ಲಿ ನೋಡಬೇಕು ಎಂಬುದೂ ಮುಖ್ಯ. ಕ್ರ್ಯಾಂಕಿನ ಹೊರಗಿನ ದೊಡ್ಡ ಪುಲ್ಲಿಯ ಮೇಲಿನ ಗೀಟನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲವು ಪುಲ್ಲಿಗಳ ಒಳಗೆ ರಬ್ಬರ್ ಪದರವಿರುತ್ತದೆ. ಅದು ಹಳತಾದಾಗ ಹೊರ ಬಳೆ ಜಾರಿ, ಗೀಟೂ ಜೊತೆಗೆ ಜಾರಿರುತ್ತದೆ. ನಂಬಬೇಕಾದದ್ದು ಬೆಲ್ಟ್ ಕೂರುವ ಒಳಗಿನ ಹಲ್ಲುಚಕ್ರದ ಗುರುತನ್ನು, ಅದೂ ಅದನ್ನು ದಂಡಕ್ಕೆ ಹಿಡಿದಿಡುವ ಕೀ ಸವೆದಿಲ್ಲ, ಮುರಿದಿಲ್ಲ ಎಂದು ನೋಡಿದ ಮೇಲೆ. ಗುರುತು ಯಾವ ಗೆರೆಗೆ ಎದುರಾಗಬೇಕು ಎಂಬುದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಅದಕ್ಕೆ ಆಯಾ ಎಂಜಿನ್ನಿನ ಸರ್ವಿಸ್ ಪುಸ್ತಕವೇ ಪ್ರಮಾಣ. ಕೆಲವು ಹೊಸ ಎಂಜಿನ್‌ಗಳ ಚಕ್ರಕ್ಕೆ ಕೀಯೇ ಇಲ್ಲ. ಅಲ್ಲಿ ದಂಡಗಳನ್ನು ಹಿಡಿದು ನಿಲ್ಲಿಸುವ ಕಂಪನಿಯ ಲಾಕಿಂಗ್ ಟೂಲ್ ಇಲ್ಲದೆ ಕೈ ಹಾಕಬಾರದು.

ಗುರುತೇ ಅಳಿಸಿಹೋಗಿದ್ದರೆ? ಹಳೆಯ ಮೇಸ್ತ್ರಿಗಳ ವಿದ್ಯೆ ಆಗ ಕೆಲಸಕ್ಕೆ ಬರುತ್ತದೆ. ಪ್ಲಗ್ಗಿನ ತೂತಿನಲ್ಲಿ ಕಡ್ಡಿ ಇಟ್ಟು ಪಿಸ್ಟನ್ನಿನ ತುದಿಯನ್ನು ಅಂದಾಜು ಮಾಡಬಹುದು, ಆದರೆ ತುದಿಯ ಆಸುಪಾಸಿನಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದಂತೆ ಕಾಣುವುದಿಲ್ಲ. ಅದಕ್ಕಾಗಿ ಪಿಸ್ಟನ್ ತುದಿಗೆ ಬರುವ ಸ್ವಲ್ಪ ಮೊದಲೇ ತಡೆಯುವಂಥ ತಡೆಯೊಂದನ್ನು ಪ್ಲಗ್ಗಿನ ತೂತಿಗೆ ಹಾಕುತ್ತಾರೆ. ರಾಕರ್ ಸಡಿಲಿಸಿ ವಾಲ್ವ್‌ಗಳೆಲ್ಲ ಮುಚ್ಚಿವೆ ಎಂದು ಖಾತ್ರಿಯಾದ ಮೇಲೆ, ಕ್ರ್ಯಾಂಕನ್ನು ಒಂದು ದಿಕ್ಕಿಗೆ ಮೆಲ್ಲಗೆ ತಿರುಗಿಸಿ ತಾಗಿದಲ್ಲಿ ಪುಲ್ಲಿಗೆ ಒಂದು ಗೀಟು, ಎದುರು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗೀಟು. ಹತ್ತಿರದ ಆ ಎರಡು ಗೀಟುಗಳ ಸರಿಮಧ್ಯವೇ ನಿಜವಾದ ತುದಿ. ಕ್ಯಾಮಿನ ಸ್ಥಾನವನ್ನು ಉಬ್ಬುಗಳೇ ಹೇಳುತ್ತವೆ: ಒಂದನೇ ಸಿಲಿಂಡರಿನ ಎರಡು ಉಬ್ಬುಗಳೂ ವಾಲ್ವ್‌ಗಳನ್ನು ಬಿಟ್ಟು ನಿಂತಿದ್ದರೆ ಅದು ಗಾಳಿ ಒತ್ತಿದ ತುದಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅದೇ ಹೊತ್ತಿಗೆ ನಾಲ್ಕನೆಯದರಲ್ಲಿ ಹೊಗೆಯ ವಾಲ್ವ್ ಇನ್ನೇನು ಮುಚ್ಚುತ್ತಿರುತ್ತದೆ, ಗಾಳಿಯ ವಾಲ್ವ್ ಆಗಲೇ ತೆರೆಯತೊಡಗಿರುತ್ತದೆ. ಈ ಲೆಕ್ಕ ಸರಿಯಾದ ಹಲ್ಲಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಕೊನೆಯ ನಿರ್ಣಯ ಪುಸ್ತಕದ ಅಳತೆಯದ್ದೇ.

ಎರಡು ಸುತ್ತಿನ ಪರೀಕ್ಷೆ

ಗುರುತುಗಳು ಕೂತ ಮೇಲೆ ಹೊಸ ಬೆಲ್ಟ್. ಅದನ್ನು ಕ್ರ್ಯಾಂಕ್ ಚಕ್ರದಿಂದ ಶುರುಮಾಡಿ, ಬೆಲ್ಟನ್ನು ಬಿಗಿಯುವ ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿದು ಕ್ಯಾಮಿಗೆ ಏರಿಸುತ್ತಾರೆ. ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಸೇರಬೇಕು. ಇಲ್ಲವಾದರೆ ಟೆನ್ಷನರ್ ಬಿಗಿಯುವಾಗ ಚಕ್ರ ಜಾರಿ ಒಂದು ಹಲ್ಲು ತಪ್ಪುತ್ತದೆ. 20 ಹಲ್ಲಿನ ಕ್ರ್ಯಾಂಕ್ ಚಕ್ರದಲ್ಲಿ ಒಂದು ಹಲ್ಲೆಂದರೆ 18 ಡಿಗ್ರಿ. ಅಷ್ಟು ತಪ್ಪಿದರೂ ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಏರಿನಲ್ಲಿ ಎಳೆಯುವುದಿಲ್ಲ, ಇಂಧನ ಕುಡಿಯುತ್ತದೆ.

ಬೆಲ್ಟ್ ಬಿಗಿದ ಮೇಲೆ ಯಾವ ಅವಸರಕ್ಕೂ ಬಿಡಬಾರದ ಹೆಜ್ಜೆಯೊಂದಿದೆ. ಕ್ರ್ಯಾಂಕನ್ನು ಪಾನಾದಿಂದ, ಎಂಜಿನ್ ಓಡುವ ದಿಕ್ಕಿಗೇ, ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲೂ ತಾಗದೆ ಬಂದು ಎಲ್ಲ ಗುರುತುಗಳೂ ತಮ್ಮ ತಮ್ಮ ಗೆರೆಗೆ ಮರಳಿ ನಿಂತರೆ ಟೈಮಿಂಗ್ ಕೂತಿತು. ಒಂದು ಗುರುತು ಅರ್ಧ ಹಲ್ಲಿನಷ್ಟು ಆಚೀಚೆ ಕಂಡರೂ ಬೆಲ್ಟ್ ತೆಗೆದು ಮತ್ತೆ ಮೊದಲಿನಿಂದ. ಆಮೇಲೆ ಕಂಪ್ರೆಷನ್ ಗೇಜ್ ಹಾಕಿ ಒಂದೊಂದೇ ಸಿಲಿಂಡರನ್ನು ನೋಡುತ್ತಾರೆ. ಒಂದರಲ್ಲಿ ಮಾತ್ರ ಒತ್ತಡ ಬಹಳ ಕಡಿಮೆ ಇದ್ದರೆ ಬೆಲ್ಟ್ ಹರಿದ ದಿನವೇ ಅಲ್ಲಿನ ವಾಲ್ವ್ ಬಾಗಿರುವ ಸಂಭವ ಹೆಚ್ಚು. ಆಗ ಹೆಡ್ ಇಳಿಸದೆ ವಿಧಿಯಿಲ್ಲ. ಈ ಪರೀಕ್ಷೆಯನ್ನು ಗಾಡಿ ಗ್ಯಾರೇಜಿನಲ್ಲಿ ಇರುವಾಗಲೇ ಮಾಡಿಸಿಕೊಳ್ಳುವುದು ಮಾಲೀಕರ ಹಕ್ಕು.

ಬೆಲ್ಟ್ ಹರಿದದ್ದೇಕೆ ಎಂದು ಹುಡುಕದೆ ಹೊಸದನ್ನು ಹಾಕಿದರೆ ಅದೂ ಬಹಳ ದಿನ ಬಾಳದು. ಗಾಜಿನ ನಾರಿನ ಎಳೆಗಳ ಸುತ್ತ ರಬ್ಬರ್ ಕಟ್ಟಿ ಮಾಡಿದ ಬೆಲ್ಟಿಗೆ ಎಂಜಿನ್ ಎಣ್ಣೆ ಶತ್ರು. ಕ್ಯಾಮ್, ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದ್ದರೆ ರಬ್ಬರ್ ಉಬ್ಬಿ ಹಲ್ಲು ಕಿತ್ತುಬರುತ್ತದೆ. ಟೆನ್ಷನರಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಉಜ್ಜಿ ಸುಡುತ್ತದೆ. ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದು ಹಿಡಿದುಕೊಂಡಾಗಲೂ ಹಾಗೆಯೇ. ಕಲ್ಲು ಕ್ವಾರಿಗಳ ಹಾದಿಯಲ್ಲಿ, ಮಣ್ಣುರಸ್ತೆಗಳಲ್ಲಿ ಓಡುವ ಗಾಡಿಗೆ ಧೂಳಿನ ಕಾಟ ಬೇರೆ. ಕವರಿನ ಒಂದು ಬೋಲ್ಟ್ ಕಳೆದುಹೋದರೂ ಸಂದಿಯಿಂದ ಕಲ್ಲುಪುಡಿ ಒಳನುಗ್ಗಿ ಹಲ್ಲುಗಳನ್ನು ಸವೆಸುತ್ತದೆ. ಹಾಗಾಗಿ ಒಳ್ಳೆಯ ಗ್ಯಾರೇಜಿನವರು ಬೆಲ್ಟಿನ ಜೊತೆಗೇ ಟೆನ್ಷನರ್, ಐಡ್ಲರ್, ಸೀಲ್‌ಗಳನ್ನೂ ಬದಲಿಸಲು ಹೇಳುತ್ತಾರೆ. ಬಿಲ್ಲು ಹೆಚ್ಚಿಸಲು ಹೇಳುವ ಮಾತಲ್ಲ ಅದು.

ಬೆಲ್ಟ್ ಬದಲಿಸಬೇಕಾದ ಕಿಲೋಮೀಟರೂ ವರ್ಷವೂ ಪ್ರತಿ ಗಾಡಿಯ ಕೈಪಿಡಿಯಲ್ಲಿ ಇರುತ್ತವೆ. ಎರಡರಲ್ಲಿ ಮೊದಲು ಬಂದದ್ದೇ ಗಡುವು. ಡೀಸೆಲ್ ಇನ್ನೋವಾದಂಥ ಗಾಡಿಗಳಲ್ಲಿ ಅದನ್ನು ನೆನಪಿಸುವ ದೀಪವೇ ಡ್ಯಾಶ್‌ಬೋರ್ಡಿನಲ್ಲಿದೆ. ಆ ದೀಪ ಕಿಲೋಮೀಟರ್ ಎಣಿಸುತ್ತದೆಯೇ ಹೊರತು ಬೆಲ್ಟನ್ನು ನೋಡುವುದಿಲ್ಲ. ಬೆಲ್ಟ್ ಬದಲಿಸದೆ ದೀಪ ಮಾತ್ರ ಆರಿಸಿದ್ದರೆ ಮುಂದಿನ ಮಾಲೀಕರಿಗೆ ಸುಳಿವೇ ಸಿಗುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಬಣ್ಣ, ಟೈರು ನೋಡುವುದರ ಜೊತೆಗೆ ಬೆಲ್ಟ್ ಬದಲಿಸಿದ ಬಿಲ್ಲನ್ನೂ ಕೇಳಬೇಕು. ಬಿಲ್ಲಿಲ್ಲದಿದ್ದರೆ ಬೆಲ್ಟ್ ಹಳೆಯದೆಂದೇ ತಿಳಿದು, ಗಾಡಿಗೆ ಹೊರೆ ಹೇರುವ ಮೊದಲು ಬದಲಿಸಿ, ಆ ದಿನದ ತಾರೀಖನ್ನೂ ಕಿಲೋಮೀಟರನ್ನೂ ಬೆಲ್ಟ್ ಕವರಿನ ಮೇಲೆ ಅಳಿಸದ ಬಣ್ಣದಲ್ಲಿ ಬರೆಸಿಡಬೇಕು.